ಮಾರ್ಷಲ್ ಲೆಮ್ ಸ್ಟಬ್ಸನ ಪೀಪಿ

ನಮ್ಮ ಸಾಲ್ಟ್ ಬೆಂಡ್ ಊರನ್ನು ಕಾಯುವ ಮಾರ್ಷಲ್ ಲೆಮ್ ಸ್ಟಬ್ಸ್ ಕೆಲಸದ ಮೇಲಿದ್ದಾಗಲೇ ಗುಂಡು ತಗಲಿ ಸತ್ತ. ಇಷ್ಟು ನಿಜ. ಉಳಿದದ್ದೆಲ್ಲ ಅವನ ಮಣ್ಣಿನ ದಿನ ಮೇಯರ್ ಬ್ರೀಡ್‌ಲವ್ ಮಾಡಿದ ಭಾಷಣ. ಆ ಭಾಷಣವನ್ನು ನಂಬುವಷ್ಟು ಕುಡಿದವರು ಅಂದು ಊರಲ್ಲಿ ಬೇಕಾದಷ್ಟಿದ್ದರು.

ಲೆಮ್ ಮಾರ್ಷಲ್ ಆದದ್ದು ಶೌರ್ಯದಿಂದಲ್ಲ. ಮೊದಲು ಕ್ಷೌರದಂಗಡಿ ಇಟ್ಟಿದ್ದ. ಪಾದ್ರಿಯ ಕಿವಿಯ ತುದಿ ಹಾರಿಸಿದ ಮೇಲೆ ಅದು ಮುಚ್ಚಿತು. ಆಮೇಲೆ ಕಾಡೆಮ್ಮೆ ಬೇಟೆಗೆ ಹೋದ. ತನ್ನದೇ ಹೇಸರಗತ್ತೆಗೆ ಗುಂಡು ಹೊಡೆದು ಮೂವತ್ತು ಮೈಲಿ ನಡೆದುಕೊಂಡು ಮನೆಗೆ ಬಂದ. ಹಿಂದಿನ ಮಾರ್ಷಲ್ ಒಂದು ಬೆಳಗ್ಗೆ ಹೇಳದೆ ಕೇಳದೆ ಕೊಲರಾಡೊ ಕಡೆಗೆ ಓಡಿಹೋದಾಗ ಊರಿನ ದೊಡ್ಡವರು ಬೀದಿಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. ಎಲ್ಲರಿಗೂ ಏನೋ ಒಂದು ಕೆಲಸವಿತ್ತು. ಲೆಮ್‌ಗೆ ಇರಲಿಲ್ಲ. ತಗಡಿನ ನಕ್ಷತ್ರವೊಂದನ್ನು ಅವನ ಅಂಗಿಗೆ ಚುಚ್ಚಿದರು; ಚುಚ್ಚುವಾಗ ಎದೆಗೂ ತಾಗಿತು, ಅವನು ಕಿರುಚಿದ.

ಮಾರ್ಷಲ್ ಅಂದರೆ ಬೀದಿಯ ನಡುವೆ ನಿಂತು ಪಿಸ್ತೂಲು ಹಾರಿಸುವವನು ಎಂದು ರೈಲಿನಲ್ಲಿ ಬರುವವರು ತಿಳಿದಿರುತ್ತಾರೆ. ಲೆಮ್‌ನ ದಿನ ಶುರುವಾಗುತ್ತಿದ್ದುದು ಸತ್ತ ನಾಯಿ ಎಳೆದುಹಾಕುವುದರಿಂದ. ಅಂಗಡಿಗಳ ಮುಂದಿನ ಹಲಗೆ ಜಗಲಿಗೆ ಮೊಳೆ ಹೊಡೆಯಬೇಕು, ಹೊಗೆಗೂಡು ಗುಡಿಸದವರ ಮನೆಗೆ ಹೋಗಿ ಬೈಸಿಕೊಳ್ಳಬೇಕು. ಟೆಕ್ಸಾಸಿನಿಂದ ದನ ಹೊಡೆದುಕೊಂಡು ಬರುವವರು ಊರೊಳಗೆ ಕಾಲಿಡುವ ಮುನ್ನ ಪಿಸ್ತೂಲನ್ನು ಕುದುರೆ ಲಾಯದಲ್ಲಿ ಬಿಟ್ಟು ಹಿತ್ತಾಳೆ ಬಿಲ್ಲೆ ಪಡೆದರೋ ಇಲ್ಲವೋ ನೋಡಬೇಕು. ಇದೆಲ್ಲಕ್ಕಿಂತ ದೊಡ್ಡ ಕೆಲಸ ಹಂದಿಗಳದು. ಹಂದಿಗಳು ಬೀದಿಗೆ ಬರಕೂಡದೆಂಬ ಕಾನೂನಿಗೆ ಸಹಿ ಹಾಕಿದವರು ಮೇಯರ್ ಬ್ರೀಡ್‌ಲವ್. ಊರಲ್ಲಿ ಅತಿ ಹೆಚ್ಚು ಬೀದಿ ತಿರುಗುತ್ತಿದ್ದ ಹಂದಿಯೂ ಅವರದೇ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದು. ಡಚೆಸ್ ಎಂದು ಅದರ ಹೆಸರು. ತೂಕದಲ್ಲಿ ಇಬ್ಬರು ಪಾದ್ರಿಗಳು, ಗತ್ತಿನಲ್ಲಿ ನಾಲ್ವರು.

ಮಾರ್ಷಲ್ ಆಗಿದ್ದ ಏಳು ವರ್ಷದಲ್ಲಿ ಲೆಮ್ ಗುಂಡು ಹಾರಿಸಿದ್ದು ಒಂದೇ ಸಲ. ಹುಚ್ಚು ನಾಯಿಗೆ ಗುರಿಯಿಟ್ಟ. ಗುಂಡು ಚರ್ಚಿನ ಗಂಟೆಗೆ ಬಡಿಯಿತು. ಬುಧವಾರವೆಂಬುದನ್ನೂ ನೋಡದೆ ಅರ್ಧ ಊರು ಪ್ರಾರ್ಥನೆಗೆ ಬಂದು ಕೂತಿತು. ಆ ಗುಂಡಿನ ಖಾಲಿ ತೋಟಾವನ್ನು ಅವನು ಎಸೆಯಲಿಲ್ಲ. ಅದಕ್ಕೊಂದು ಕೆಲಸ ಸಿಕ್ಕಿತ್ತು.

ನಮ್ಮ ಕಡೆ ಆರು ಗೂಡಿನ ಪಿಸ್ತೂಲಿಗೆ ಐದೇ ತೋಟಾ ತುಂಬುವುದು. ತೋಟಾದ ಬೆನ್ನಿಗೆ ಬಡಿಯುವ ಕೊಕ್ಕು ಯಾವಾಗಲೂ ಬರಿಯ ಗೂಡಿನ ಮೇಲೆ ಕೂತಿರಬೇಕು. ಹಾಗೆ ಮಾಡದೆ ಕುದುರೆ ಹತ್ತುವಾಗಲೋ ಇಳಿಯುವಾಗಲೋ ಎಡವಟ್ಟಾಗಿ ತನ್ನ ಕಾಲು ತಾನೇ ಹಾರಿಸಿಕೊಂಡ ಶೂರರು ಪ್ರತಿ ಊರಲ್ಲೂ ಒಬ್ಬೊಬ್ಬರಿದ್ದಾರೆ. ಲೆಮ್ ಮಾತ್ರ ಆ ಆರನೆಯ ಗೂಡಿನಲ್ಲಿ ತನ್ನ ಹಳೆಯ ಖಾಲಿ ತೋಟಾ ಇಟ್ಟುಕೊಂಡಿದ್ದ. ಹಂದಿ ಕಂಡರೆ ಅದನ್ನು ಬೆರಳಲ್ಲಿ ತಳ್ಳಿ ತೆಗೆದು, ತುಟಿಗಿಟ್ಟು ಪೀಪಿಯಂತೆ ಊದುತ್ತಿದ್ದ. ಜೇಬಿನಿಂದ ಒಂದು ಹಿಡಿ ಮುಸುಕಿನ ಜೋಳ ಎರಚುತ್ತಿದ್ದ. ಹಂದಿ ಬಾಲ ಅಲ್ಲಾಡಿಸುತ್ತ ದೊಡ್ಡಿಯವರೆಗೂ ಹಿಂದೆ ಬರುತ್ತಿತ್ತು. ಓಡಬೇಕಿಲ್ಲ, ಹಿಡಿಯಬೇಕಿಲ್ಲ. ಊದಿ ಊದಿ ಆ ತೋಟಾದ ಬಾಯಿ ಹಲ್ಲಿನ ಗುರುತಾಗಿ ಚಪ್ಪಟೆಯಾಗಿತ್ತು, ಮೈ ಹಸಿರು ತಿರುಗಿತ್ತು.

ಅವನ ಹೆಂಡತಿ ಹೆಪ್ಸಿಗೆ ಈ ಪೀಪಿಯೆಂದರೆ ಮೈ ಉರಿ. ಹೆಪ್ಸಿ ಅಗಲ ಮೈಯವಳು, ಅದಕ್ಕಿಂತ ಅಗಲ ಬಾಯಿಯವಳು. ಮನೆಯ ಹಿಂದಿದ್ದ ಒಂಟಿ ಕೋಣೆಯ ಜೈಲಿನವರಿಗೆ ಅಡುಗೆ ಮಾಡಿ ಹಾಕುವುದು ಅವಳ ಪಾಲಿನ ಕೆಲಸ. ಭಾನುವಾರ ಚರ್ಚಿನಿಂದ ಬಂದು ಲೆಮ್ ಗೊರಕೆ ಹೊಡೆಯುವಾಗ, ಹಿಟ್ಟು ನಾದುವ ಮೇಜಿನ ಮೇಲೆಯೇ ಅವನ ಪಿಸ್ತೂಲನ್ನೂ ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತಿದ್ದವಳು ಅವಳೇ. ಗಂಡನನ್ನು ದಿನಕ್ಕೆ ಹತ್ತು ಸಲ ದಂಡಪಿಂಡ ಅನ್ನುತ್ತಿದ್ದಳು. ಬೇರೆಯವರು ಒಂದು ಸಲ ಅಂದರೆ ಅವರ ಮನೆಯ ಮುಂದೆ ನಿಂತು ಏಳು ತಲೆಮಾರಿನ ಜಾತಕ ಓದುತ್ತಿದ್ದಳು.

ಆ ಶನಿವಾರ ಟೆಕ್ಸಾಸಿನ ದನದ ತಂಡವೊಂದು ಊರಾಚೆ ಬೀಡುಬಿಟ್ಟಿತು. ಅವರ ಅಡುಗೆಯವನು ಏಸಾ ಟಾಲಿವರ್: ಬೋಳುತಲೆ, ಬಿಲ್ಲಿನಂಥ ಕಾಲು, ತನ್ನ ಹುಳಿ ಹಿಟ್ಟಿನ ರೊಟ್ಟಿಯ ಬಗ್ಗೆ ಮಹಾರಾಜನ ಗರ್ವ. ಲೆಮ್ ಒಂದು ರೊಟ್ಟಿ ಕಚ್ಚಿ ನೋಡಿ, ಪೇಟೆಯ ಜಗಲಿಯಲ್ಲಿ ಮೂರು ಹಲಗೆ ಮುರಿದಿವೆ, ಇಂಥದೊಂದು ಡಜನ್ ಕಳಿಸಿಕೊಡಿ ಅಂದ. ತಂಡವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಟಾಲಿವರ್ ವಿಸ್ಕಿ ಅಂಗಡಿಯಲ್ಲಿ ಕೂತು ಮಾರ್ಷಲ್ಲನ ಚರ್ಮ ಸುಲಿಯುತ್ತೇನೆಂದು ಮೇಜು ಗುದ್ದಿದ.

ಸುದ್ದಿ ಹೆಪ್ಸಿಯ ಕಿವಿಗೆ ಬೀಳುವಾಗ ಅದಕ್ಕೆ ರೆಕ್ಕೆಪುಕ್ಕ ಬೆಳೆದಿತ್ತು. ಲೆಮ್‌ಗೆ ಹೇಳಿದರೆ ಅವನು ಆಕಳಿಸಿದ. ಭಾನುವಾರ ಪಿಸ್ತೂಲು ಒರೆಸುವಾಗ ಅವಳ ಕೈ ಆರನೆಯ ಗೂಡಿನ ಹತ್ತಿರ ನಿಂತಿತು. ಹಂದಿ ಕರೆಯುವ ಪೀಪಿ ಹೊತ್ತುಕೊಂಡು ಕೊಲೆಗಾರನ ಎದುರಿಗೆ ಹೋಗುತ್ತಾನಲ್ಲ ಈ ಮನುಷ್ಯ ಎಂದು ಅವಳಿಗೆ ಸಿಟ್ಟೂ ಬಂತು, ಭಯವೂ ಆಯಿತು. ಪೀಪಿಯನ್ನು ಕಿತ್ತು ಅಂಗಿ ಗುಂಡಿಗಳ ಡಬ್ಬಿಗೆ ಎಸೆದಳು. ಆ ಜಾಗದಲ್ಲಿ ಹೊಸ ತೋಟಾ ತುಂಬಿದಳು. ಐದು ಗುಂಡಿಗೆ ಸಾಯದ ಕೊಲೆಗಾರ ಆರಕ್ಕಾದರೂ ಸಾಯಲಿ ಎಂದು ಅವಳ ಲೆಕ್ಕ. ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ತೆಗೆಯುತ್ತಿದ್ದ.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಪೇಟೆಯಲ್ಲಿ ಗುಂಡಿನ ಸದ್ದು. ವಿಸ್ಕಿ ಅಂಗಡಿಯಿಂದ ಜನ ಹೊರಗೆ ಓಡಿ ಬಂದಾಗ ಲೆಮ್ ಜಗಲಿಯ ಪಕ್ಕದಲ್ಲಿ ಹೆಣವಾಗಿ ಬಿದ್ದಿದ್ದ. ಟಾಲಿವರ್ ಹೊಗೆಯಾಡುವ ಪಿಸ್ತೂಲು ಹಿಡಿದು ನಿಂತಿದ್ದ. ಎಷ್ಟು ಗುಂಡಿನ ಸದ್ದು ಕೇಳಿತು ಎಂದರೆ ಹನ್ನೊಂದು ಸಾಕ್ಷಿಗಳು ಒಂದರಿಂದ ಒಂಬತ್ತರವರೆಗೆ ಎಲ್ಲ ಅಂಕಿಗಳನ್ನೂ ಹೇಳಿದರು. ಲೆಮ್‌ನ ಪಿಸ್ತೂಲು ಬಿಚ್ಚಿ ನೋಡಿದರು: ಐದು ತುಂಬಿದ ತೋಟಾ, ಒಂದು ಖಾಲಿ. ಲೆಮ್‌ನ ಪಿಸ್ತೂಲಿನಲ್ಲಿ ಖಾಲಿ ತೋಟಾ ಇರುವುದು ಊರಿಗೆಲ್ಲ ಗೊತ್ತಿದ್ದ ವಿಷಯ. ಅಂದಮೇಲೆ ಬಡಪಾಯಿ ಒಂದು ಗುಂಡೂ ಹಾರಿಸಲಿಲ್ಲ, ಕೊಂದವನು ಟಾಲಿವರನೇ. ಟಾಲಿವರ್ ಹಂದಿ ಹಂದಿ ಎಂದು ಏನೋ ಬಡಬಡಿಸಿದ. ಯಾವ ಹಂದಿ, ಡಚೆಸ್ ಮೂರು ದಿನದಿಂದ ದೊಡ್ಡಿ ಬಿಟ್ಟು ಹೊರಗೇ ಬಂದಿಲ್ಲ ಎಂದರು ಮೇಯರ್. ಹಾಗೆನ್ನುವ ಹೊತ್ತಿಗೆ ಅವರ ಆಳು ಅದನ್ನು ಹಿಂದಿನ ಓಣಿಯಿಂದ ಮನೆಗೆ ಅಟ್ಟುತ್ತಿದ್ದ. ಶುಕ್ರವಾರ ಜಡ್ಜ್ ಬರುವವರೆಗೆ ಟಾಲಿವರನನ್ನು ಜೈಲಿಗೆ ಹಾಕಿದರು.

ಹೀಗಾಗಿ ಗಂಡನನ್ನು ಕೊಂದವನಿಗೆ ಮೂರು ಹೊತ್ತು ಉಣಬಡಿಸುವ ಭಾಗ್ಯ ಹೆಪ್ಸಿಯದಾಯಿತು. ಬೇರೆಯವರಿಗೆ ವಹಿಸೋಣವೇ ಎಂದು ಪಾದ್ರಿ ಕೇಳಿದರು. ಬೇಡ ಅಂದಳು. ಉಪ್ಪಿಲ್ಲದ ಬೀನ್ಸ್ ಕಾಳು, ಮೂರು ದಿನದ ಹಳೆಯ ರೊಟ್ಟಿ, ತಣ್ಣಗಿನ ಕಾಫಿ ಒಯ್ದು ಕಿಟಕಿಯ ಸರಳುಗಳ ನಡುವೆ ತಳ್ಳಿದಳು. ಮಂಗಳವಾರ ಲೆಮ್‌ನ ಮಣ್ಣಾಯಿತು. ಬದುಕಿದ್ದಾಗ ಅವನಿಗೆ ಟೋಪಿ ಎತ್ತದವರೆಲ್ಲ ಟೋಪಿ ತೆಗೆದು ನಿಂತರು. ಅವಳು ಅಳಲಿಲ್ಲ. ಅತ್ತರೆ ಆ ಬೋಳುತಲೆಯವನು ಕಿಟಕಿಯಿಂದ ನೋಡಿ ಖುಷಿಪಡುತ್ತಾನೆಂಬ ಹಟ.

ಬುಧವಾರ ಮಧ್ಯಾಹ್ನ ಟಾಲಿವರ್ ತಟ್ಟೆ ಹಿಡಿದುಕೊಂಡು ಅವಳನ್ನು ನಿಲ್ಲಿಸಿದ.

"ಅಮ್ಮಾವ್ರೆ, ನನ್ನ ಮಾತು ಯಾರೂ ನಂಬಲ್ಲ, ನೀವೂ ನಂಬಬೇಡಿ. ಆದ್ರೆ ಮಾರ್ಷಲ್ಲು ಕೊನೇಲಿ ಅಂದಿದ್ದು ನಿಮಗೆ ಸೇರ್ಬೇಕಾದ್ದು. ನನ್ನ ಹತ್ರ ಇಟ್ಕೊಂಡು ಏನ್ಮಾಡ್ಲಿ?"

"ಏನಂದ? ಅಂದಿದ್ದನ್ನ ಅಂದಂಗೇ ಹೇಳು."

ಟಾಲಿವರ್ ಹೇಳಿದ. ಸೋಮವಾರ ಬಿಲ್ಲೆ ಕೊಟ್ಟು ಪಿಸ್ತೂಲು ಬಿಡಿಸಿಕೊಂಡು ಊರಾಚೆಯ ಬೀಡಿನತ್ತ ಹೊರಟಿದ್ದವನನ್ನು ಲೆಮ್ಮೇ ಕರೆದನಂತೆ. ಡಚೆಸ್ ಬೀದಿಯಲ್ಲಿ ನಿಂತಿತ್ತು. ನೀನು ಆ ಕಡೆ ನಿಲ್ಲು ಮಾರಾಯಾ, ನಿನ್ನ ಮುಖ ನೋಡಿದರೆ ಅದು ತಾನಾಗಿ ಈ ಕಡೆ ಬರುತ್ತದೆ ಅಂದನಂತೆ. ರೊಟ್ಟಿಯ ಜಗಳ ಅಲ್ಲಿಗೆ ಮುಗಿಯಿತು. ಲೆಮ್ ಪಿಸ್ತೂಲು ತೆಗೆದು, ಗೂಡಿಗೆ ಬೆರಳು ಹಾಕಿ, ಅಲ್ಲಿ ಸಿಕ್ಕ ತೋಟಾವನ್ನೇ ಪಿಳಿಪಿಳಿ ನೋಡಿದ.

"ನೋಡ್ಬಿಟ್ಟು, 'ಆ ಹೆಂಗಸು ನನ್ನ ಪೀಪಿ ಕಿತ್ತಾಕವ್ಳೆ' ಅಂದ್ರು. ಅಷ್ಟ್ರಲ್ಲಿ ಹಂದಿ ಜಗಲಿ ಕೆಳಕ್ಕೆ ನುಗ್ತು. ಪಿಸ್ತೂಲನ್ನ ಹಂಗೇ ಸೊಂಟಕ್ಕೆ ತುರುಕ್ಕೊಂಡು ಇವ್ರೂ ಹಿಂದೇನೇ ತೆವಳ್ಕೊಂಡು ಹೋದ್ರು. ಒಳಗೆ ಏನೋ ಕಲ್ಲಿನ ಮೇಲೆ ಬಿದ್ದಂಗಾಯ್ತು, ಢಂ ಅಂತು. ಇವ್ರನ್ನ ಈಚೆಗೆ ಎಳ್ಕೊಂಡು ಬಂದೆ. ಜನ ಬರ್ಲಿ ಅಂತ ಆಕಾಶಕ್ಕೆ ಒಂದು ಹಾರಿಸ್ದೆ. ಅದೇ ನಾನ್ ಮಾಡಿದ್ ತಪ್ಪು."

ಇನ್ನೇನೋ ಹೇಳಲು ಬಾಯಿ ತೆರೆದವನು ಅವಳ ಕರಿ ಬಟ್ಟೆ ನೋಡಿ ಮುಚ್ಚಿಕೊಂಡ. ಪೀಪಿ ಅಂದ್ರೆ ಏನು ಅಂತ ನಂಗೆ ತಿಳೀಲಿಲ್ಲ ಅಂದ.

ಹೆಪ್ಸಿಗೆ ತಿಳಿಯಿತು. ಅಡುಗೆಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಗುಂಡಿಗಳ ಡಬ್ಬಿ ಮೇಜಿನ ಮೇಲೆ ಬೋರಲು ಹಾಕಿದಳು. ಹಸಿರು ತಿರುಗಿದ ಆ ಚಪ್ಪಟೆ ಬಾಯಿಯ ತೋಟಾ ಉರುಳಿ ಬಂದು ಅವಳ ಎದುರು ನಿಂತಿತು. ಪೀಪಿ ಅದರ ಜಾಗದಲ್ಲಿ ಇದ್ದಿದ್ದರೆ ಲೆಮ್ ಜಗಲಿಯ ಕೆಳಗೆ ಹೋಗುವ ಪ್ರಮೇಯವೇ ಇರಲಿಲ್ಲ. ಹೋದರೂ ಪಿಸ್ತೂಲು ಬಿದ್ದು ಸಿಡಿಯುತ್ತಿರಲಿಲ್ಲ. ಒಂದು ತೋಟಾದಿಂದ ಎರಡು ಬಗೆಯಲ್ಲಿ ಗಂಡನನ್ನು ಕೊಂದಿದ್ದಳು. ಅದೂ ಅವನು ಅವಳನ್ನು ಬೈದುಕೊಂಡೇ ಸತ್ತ.

ಗುರುವಾರ ಮೇಯರ್ ಬಂದರು. ಗೋರಿಗೆ ನೆಡುವ ಹಲಗೆ ತಂದಿದ್ದರು; ನುಣ್ಣಗೆ ಉಜ್ಜಿದ ಪೈನ್ ಮರ, ಕಪ್ಪು ಬಣ್ಣದ ದಪ್ಪ ಅಕ್ಷರ: ಕ್ರೂರ ಹಂತಕನ ಗುಂಡಿಗೆ ಎದೆಯೊಡ್ಡಿದ ವೀರ ಲೆಮ್ಯುಯೆಲ್ ಸ್ಟಬ್ಸ್. ಪೇಟೆ ಬೀದಿಗೆ ಸ್ಟಬ್ಸ್ ಬೀದಿ ಎಂದು ಹೆಸರಿಡುವುದಾಗಿಯೂ ಹೇಳಿದರು. ಹೆಪ್ಸಿ ಹಲಗೆಯ ಮೇಲೆ ಕೈಯಾಡಿಸಿದಳು. ಇಪ್ಪತ್ತೆರಡು ವರ್ಷ ಊರೆಲ್ಲ ನಗುವ ಗಂಡನ ಜೊತೆ ಬಾಳಿದವಳು ಅವಳು. ಈಗೊಂದು ಹಲಗೆ, ಒಂದು ಬೀದಿ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಇದಿಷ್ಟೂ ಅವನದು. ಬಾಯಿ ಬಿಟ್ಟರೆ ಹಂದಿ ಹಿಂದೆ ಹೋಗಿ ಸತ್ತವನೆಂಬ ನಗೆ ಅವನಿಗೆ, ಗಂಡನನ್ನು ತಿಂದವಳೆಂಬ ಹೆಸರು ತನಗೆ. ಇನ್ನು ಆ ಅಡುಗೆಯವನು: ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ರೊಟ್ಟಿಯಂತೂ ತಿನ್ನುವಂತೆಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಊರಿಗೇನು ಹೊಸದೇ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಹಲಗೆ ಚೆನ್ನಾಗಿದೆ ಎಂದು ಮೇಯರಿಗೂ ಹೇಳಿ ಕಳಿಸಿದಳು.

ಆ ಮಧ್ಯಾಹ್ನ ಅವಳ ಕೈ ಮಾತ್ರ ಅವಳ ಮಾತು ಕೇಳಲಿಲ್ಲ. ಬೀನ್ಸ್ ಕಾಳಿಗೆ ಉಪ್ಪು ಬಿತ್ತು, ಹಂದಿಮಾಂಸದ ತುಂಡೂ ಬಿತ್ತು. ಬಿಸಿ ರೊಟ್ಟಿ, ಕಾಕಂಬಿ. ಮೇಲೆ ಸೇಬು ಹಣ್ಣಿನ ಕಡುಬು. ಟಾಲಿವರ್ ತಟ್ಟೆಯನ್ನು ಬಹಳ ಹೊತ್ತು ನೋಡಿದ. ಮೂವತ್ತು ವರ್ಷ ಅಡುಗೆ ಮಾಡಿದವನು, ತಟ್ಟೆ ಓದುವುದು ಅವನಿಗೆ ಗೊತ್ತಿತ್ತು.

"ನಿನ್ನೇವರ್ಗೂ ಉಪ್ಪಿಲ್ಲ, ಇವತ್ತು ಕಡುಬು," ಅಂದ. "ಅಂದ್ರೆ ನಾಳೆ ನನಗೆ ಹಗ್ಗ ಗ್ಯಾರಂಟಿ ಅನ್ನಿ ಅಮ್ಮಾವ್ರೆ."

ಅವನು ಕಡುಬನ್ನು ಮುಟ್ಟದೆ ಕಿಟಕಿಯ ಮೇಲಿಟ್ಟ. ಸಂಜೆಯವರೆಗೂ ಅದು ಅಲ್ಲೇ ಇತ್ತು. ಅವಳು ಹಿತ್ತಲಿಗೆ ಹೋದಾಗಲೆಲ್ಲ ಕಣ್ಣಿಗೆ ಬಿತ್ತು.

ಶುಕ್ರವಾರ ವಿಚಾರಣೆ ವಿಸ್ಕಿ ಅಂಗಡಿಯಲ್ಲಿಯೇ ನಡೆಯಿತು. ಊರಲ್ಲಿ ಅಷ್ಟು ಕುರ್ಚಿ ಇನ್ನೆಲ್ಲೂ ಇರಲಿಲ್ಲ. ತೀರ್ಪು ಹೇಳಲು ಕೂರಿಸಿದ ಹನ್ನೆರಡು ಜನರಲ್ಲಿ ಏಳು ಜನ ಸಾಕ್ಷಿಗಳೂ ಆಗಿದ್ದರು. ಮೇಯರ್ ಬೈಬಲ್ ಮುಟ್ಟಿ, ಡಚೆಸ್ ಸಾಧು ಪ್ರಾಣಿ, ಬೀದಿ ಕಂಡಿಲ್ಲ, ಮಾರ್ಷಲ್ಲನ ಪರಿಚಯವೂ ಅದಕ್ಕಿಲ್ಲ ಎಂದರು. ಟಾಲಿವರನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ಒಂದು ಗಂಟೆಯೊಳಗೆ ಎಲ್ಲ ಮುಗಿದು, ಜಡ್ಜ್ ಹನ್ನೆರಡು ಜನರ ಕಡೆ ತಿರುಗುವ ಹೊತ್ತಿಗೆ ಹೆಪ್ಸಿ ಎದ್ದು ನಿಂತಳು.

"ಸ್ವಲ್ಪ ತಡೀರಿ ಸ್ವಾಮಿ. ನನ್ನ ಗಂಡನ್ನ ಕೊಂದಿದ್ದು ಅವನಲ್ಲ. ಆರನೇ ತೋಟಾ ತುಂಬಿದ್ದು ನಾನು."

ನಡೆದದ್ದನ್ನೆಲ್ಲ ಅವಳು ಹೇಳಿದಳು: ಭಾನುವಾರ, ಹಿಟ್ಟಿನ ಮೇಜು, ಭಯ, ಗುಂಡಿಗಳ ಡಬ್ಬಿ. ಪಿಸ್ತೂಲಿನಲ್ಲಿ ಸಿಕ್ಕ ಖಾಲಿ ತೋಟಾ ತೆಗೆಸಿ ನೋಡಿ, ಅದು ಹೊಸದು, ಹೊಳೆಯುತ್ತದೆ. ಲೆಮ್‌ನ ಹಳೆಯದು ಇಲ್ಲಿದೆ ಎಂದು ಕರವಸ್ತ್ರದ ಗಂಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಜಡ್ಜ್ ಎರಡನ್ನೂ ಬೆಳಕಿಗೆ ಹಿಡಿದರು. ಮೇಯರ್ ಎದ್ದು, ದುಃಖದಲ್ಲಿ ಹೆಂಗಸಿನ ತಲೆ ಕೆಟ್ಟಿದೆ, ಹಳೆಯ ತೋಟಾ ಯಾರ ಮನೆಯಲ್ಲಿಲ್ಲ, ಇದು ಲೆಮ್‌ನದೇ ಎಂಬುದಕ್ಕೆ ಏನು ಗುರುತು ಎಂದರು.

"ಗುರುತು ಹಿಡಿಯೋರು ಇದ್ದಾರೆ," ಎಂದಳು ಹೆಪ್ಸಿ. ತೋಟಾವನ್ನು ತುಟಿಗಿಟ್ಟು ಊದಿದಳು.

ಮೊದಲನೆಯ ಸಲ ಬರೀ ಉಗುಳು ಬಂತು, ಯಾರೋ ಕಿಸಕ್ಕೆಂದರು. ಎರಡನೆಯ ಸಲ ಸದ್ದು ಎದ್ದಿತು. ಏಳು ವರ್ಷದಿಂದ ಊರು ದಿನವೂ ಕೇಳಿದ, ಸೋಮವಾರದಿಂದ ಕೇಳದೆ ಇದ್ದ ಸದ್ದು. ಎರಡು ಬೀದಿ ಆಚೆ ಮರ ಮುರಿದ ಶಬ್ದವಾಯಿತು. ಆಮೇಲೆ ಜಗಲಿಯ ಹಲಗೆಗಳು ಒಂದೊಂದಾಗಿ ನರಳಿದವು. ಡಚೆಸ್ ಬಾಗಿಲು ತಳ್ಳಿಕೊಂಡು ಒಳಗೆ ಬಂತು. ಕೊರಳಲ್ಲಿ ಮೇಯರರ ದೊಡ್ಡಿಯ ಗೇಟಿನ ಮುರಿದ ಮರದ ಪಟ್ಟಿ. ಯಜಮಾನರನ್ನು ಕಣ್ಣೆತ್ತಿಯೂ ನೋಡದೆ ಹೆಪ್ಸಿಯ ಹತ್ತಿರ ನಡೆದು, ಜೋಳಕ್ಕಾಗಿ ಅವಳ ಜೇಬಿಗೆ ಮೂತಿ ಇಟ್ಟಿತು. ಹಿಂದೆಯೇ ಇನ್ನೂ ಮೂರು ಹಂದಿ ಬಂದವು. ಜಡ್ಜ್ ಪುಸ್ತಕ ಮುಖಕ್ಕೆ ಅಡ್ಡ ಹಿಡಿದುಕೊಂಡರು; ಹೊಟ್ಟೆ ಕುಲುಕುವುದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಊರೆಲ್ಲ ನಕ್ಕಿತು. ಲೆಮ್ ಸತ್ತ ಮೇಲೂ ಅವನನ್ನು ನೋಡಿ ನಕ್ಕಿತು. ಹೆಪ್ಸಿ ತಲೆಯೆತ್ತಿ ನಿಂತೇ ಇದ್ದಳು, ಡಚೆಸ್‌ನ ಕಿವಿಯ ಮೇಲೆ ಕೈಯಿಟ್ಟುಕೊಂಡು.

ಟಾಲಿವರನನ್ನು ಅಲ್ಲೇ ಬಿಟ್ಟರು. ಬೀದಿಗೆ ಹೆಸರಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಹೆಪ್ಸಿ ಗೋರಿಯ ಹಲಗೆಯನ್ನು ಕಿತ್ತು, ತಿರುಗಿಸಿ ನೆಟ್ಟು, ಹಿಂಬದಿಯಲ್ಲಿ ತಾನೇ ಬಣ್ಣದಲ್ಲಿ ಬರೆದಳು: ಲೆಮ್ ಸ್ಟಬ್ಸ್, ಮಾರ್ಷಲ್. ಹಂದಿ ಹಿಡಿಯಲು ಹೋಗಿ ಸತ್ತ. ಅದು ಅವನ ಕೆಲಸವಾಗಿತ್ತು.

ತಂಡ ಹೊರಡುವ ದಿನ ಬೆಳಗ್ಗೆ ಟಾಲಿವರ್ ಅವಳ ಅಡುಗೆಮನೆಯ ಬಾಗಿಲಿಗೆ ಬಂದ. ಟೋಪಿ ಒಂದು ಕೈಯಲ್ಲಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಇನ್ನೊಂದರಲ್ಲಿ. ಹೆಪ್ಸಿಯೇ ಕೇಳಿದಳು.

"ನನ್ನ ಬೈಕೊಂಡೇ ಹೋದ್ನಲ್ಲ ಅವ್ನು. ತುಂಬಾ ಸಿಟ್ಟಾಗಿದ್ನಾ?"

ಟಾಲಿವರ್ ಟೋಪಿಯನ್ನು ಎರಡು ಸುತ್ತು ತಿರುಗಿಸಿದ.

"ಅವತ್ತು ನಾನು ಪೂರ್ತಿ ಹೇಳ್ಲಿಲ್ಲ ಅಮ್ಮಾವ್ರೆ. ಗಂಡನ್ನ ಕಳ್ಕೊಂಡೋರ ಮುಂದೆ ಅಂಥಾ ಮಾತು ಹೆಂಗಾಡೋದು ಅಂತ ನುಂಗ್ಕೊಂಡೆ. ಪೀಪಿ ಕಿತ್ತಾಕವ್ಳೆ ಅಂದ್ರಲ್ಲ, ಆಮೇಲೆ ಆ ತೋಟಾ ನಂಗೆ ತೋರಿಸ್ಬಿಟ್ಟು, 'ಇಪ್ಪತ್ತೆರಡು ವರ್ಷ ಆಯ್ತು ಕಣಯ್ಯಾ, ಮುದುಕಿಗೆ ಇನ್ನೂ ನಾನು ಬೇಕಂತೆ' ಅಂದ್ರು. ನಗ್ತಿದ್ರು. ನಗ್ತಾನೇ ಒಳಗೆ ತೂರ್ಕೊಂಡ್ರು."

ಹೆಪ್ಸಿ ಅವನ ಕೈಯ ಗಂಟಿನ ಬಟ್ಟೆ ಬಿಚ್ಚಿ ಒಂದು ರೊಟ್ಟಿ ತೆಗೆದು ಕಚ್ಚಿದಳು. ಹಲ್ಲು ಇಳಿಯಲಿಲ್ಲ.

"ಲೆಮ್ ಹೇಳಿದ್ದು ಸರಿ," ಅಂದಳು. "ಇದನ್ನ ಜಗಲಿಗೇ ಹಾಕ್ಬೇಕು."

ಹಾಗೆಂದವಳು ಮೆಟ್ಟಿಲ ಮೇಲೆ ಕೂತು, ಆ ಸೋಮವಾರದಿಂದ ತಡೆದು ಇಟ್ಟಿದ್ದಷ್ಟನ್ನೂ ಅತ್ತಳು. ಟಾಲಿವರ್ ತನ್ನ ತಂಡ ಹೊರಟುಹೋಗುವುದನ್ನೂ ಲೆಕ್ಕಿಸದೆ ಒಲೆ ಹಚ್ಚಿ ಕಾಫಿಗೆ ನೀರಿಟ್ಟ.